ಚಿಂಚೋಳಿ ಗುಡ್ಡದ ಗರಸು ಹಾದಿಯಲ್ಲಿ ಸೈಕಲ್ ಸವಾರಿ

ಶುಕ್ರವಾರ

ಕಲಬುರಗಿ ಜಿಲ್ಲೆಯೆಂದರೆ ಬಟಾಬಯಲು, ಬಿಸಿಲು, ತೊಗರಿ, ಇಷ್ಟೇ ಎಂದುಕೊಂಡವರು ಬಹಳ ಜನ ಇದ್ದಾರೆ. ಅವರನ್ನೆಲ್ಲ ಒಮ್ಮೆ ಚಿಂಚೋಳಿ ತಾಲ್ಲೂಕಿನ ತೆಲಂಗಾಣ ಗಡಿಗೆ ಕರೆದೊಯ್ಯಬೇಕು. ಕರಿಮಣ್ಣಿನ ಹೊಲಗಳು ಅಲ್ಲಿ ಮುಗಿದು ಗುಡ್ಡಗಳು ಏಳುತ್ತವೆ. ಸಾಗವಾನಿ, ಮುತ್ತುಗ, ಕಕ್ಕೆ, ಬಿದಿರು, ನಡುನಡುವೆ ಸೀತಾಫಲದ ಪೊದೆಗಳು. ಮಳೆ ಮುಗಿದು ಒಂದೆರಡು ತಿಂಗಳವರೆಗೂ ಅಲ್ಲಿ ಹಸಿರು ಉಳಿದಿರುತ್ತದೆ. 2011ರಲ್ಲಿ ಸರಕಾರ ಇಲ್ಲಿಯ ಸುಮಾರು 134 ಚದರ ಕಿಲೋಮೀಟರ್ ಕಾಡನ್ನು ವನ್ಯಜೀವಿ ಧಾಮವೆಂದು ಘೋಷಿಸಿತು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿ ಧಾಮ ಎಂದೇ ಇದರ ಹೆಸರು.

ನಾವು ಹೋದದ್ದು ಆ ಕಾಡಿನೊಳಗಿನ ಹಾದಿಗಳಿಗಾಗಿ. ಅರಣ್ಯ ಸಿಬ್ಬಂದಿ ಗಸ್ತಿಗೆ ಬಳಸುವ ಗರಸಿನ ದಾರಿ, ಬೆಂಕಿ ಹಬ್ಬಬಾರದೆಂದು ಗಿಡಗಂಟಿ ಸವರಿ ಬಿಟ್ಟ ಬೆಂಕಿರೇಖೆ, ಜಲಾಶಯದ ಏರಿ, ತಾಂಡಾದಿಂದ ತಾಂಡಾಕ್ಕೆ ಜನ ನಡೆದು ಬಿದ್ದ ಜಾಡು. ಇವುಗಳ ಮೇಲೆ ಲಾರಿ ಬರುವುದಿಲ್ಲ, ಕಾರು ಬರುವುದಿಲ್ಲ. ಕಲಬುರಗಿಯಲ್ಲಿದ್ದು ಸೈಕಲ್ ಹೊಡೆಯುವವರಿಗೆ ಇದರ ಬೆಲೆ ಗೊತ್ತು. ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಪಕ್ಕದಲ್ಲಿ, ಕಣ್ಣಿಗೆ ಧೂಳು, ಕಿವಿಗೆ ಹಾರನ್ನು, ಬೆನ್ನಿಗೆ ಭಯ ಕಟ್ಟಿಕೊಂಡು ಹೋಗುವುದನ್ನು ಸವಾರಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಜೊತೆಗೆ ಬಂದವನು ಅಕ್ಕನ ಮಗ. ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನದು ಗುಡ್ಡಗಾಡಿಗೆಂದೇ ಮಾಡಿದ ದಪ್ಪ ಟೈರಿನ ಸೈಕಲ್, ಮುಂದೆ ಸಸ್ಪೆನ್ಶನ್ ಇದೆ. ನನ್ನದು ಗ್ರಾವೆಲ್ ಸೈಕಲ್. ಹ್ಯಾಂಡಲ್ ರೇಸಿಂಗ್ ಸೈಕಲ್ಲಿನದೇ ಥರ ಕೆಳಕ್ಕೆ ಬಾಗಿರುತ್ತದೆ, ಆದರೆ ಚೌಕಟ್ಟಿನಲ್ಲಿ ಅಗಲದ ಟೈರು ಹಿಡಿಸುವಷ್ಟು ಜಾಗವಿರುತ್ತದೆ. ನಾನು ಹಾಕಿಸಿರುವುದು 42 ಮಿಲಿಮೀಟರ್ ಟೈರು, ಟ್ಯೂಬ್ ಇಲ್ಲದ್ದು. ಡಾಂಬರಿನ ಮೇಲೂ ಓಡುತ್ತದೆ, ಕಲ್ಲುಮಣ್ಣಿನ ಮೇಲೂ ಓಡುತ್ತದೆ. ಈ ಥರದ ಸವಾರಿ ಹೊರದೇಶಗಳಲ್ಲಿ ಎಷ್ಟು ಬೆಳೆದಿದೆಯೆಂದರೆ 2022ರಲ್ಲಿ ಇಟಲಿಯಲ್ಲಿ ಇದಕ್ಕೇ ಬೇರೆಯಾಗಿ ವಿಶ್ವ ಚಾಂಪಿಯನ್‌ಶಿಪ್ ಶುರುವಾಯಿತು. ನಮ್ಮಲ್ಲಿ ಅಂಥ ಹಾದಿಗಳಿಗೇನು ಕಡಿಮೆ? ಹೈದರಾಬಾದ್, ಪುಣೆಯಿಂದ ಜನ ಬಂದು ನೋಡುವಂಥವು ನಮ್ಮ ಮನೆ ಬಾಗಿಲಲ್ಲೇ ಇವೆ.

ದೀಪಾವಳಿ ಆಗಿ ವಾರ ಕಳೆದಿತ್ತು. ಬಸ್ಸಿನವರು ಸೈಕಲ್ ಹತ್ತಿಸಿಕೊಳ್ಳುವುದಿಲ್ಲ ಎಂದು ಮೊದಲೇ ಗೊತ್ತಿದ್ದರಿಂದ, ಚಿಂಚೋಳಿಗೆ ಖಾಲಿ ಹೊರಟಿದ್ದ ಟಾಟಾ ಏಸ್ ಒಂದನ್ನು ಗೊತ್ತು ಮಾಡಿಕೊಂಡೆವು. ದಾರಿಯುದ್ದಕ್ಕೂ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು, ಬಿಳಿಜೋಳ ಇನ್ನೂ ಮೊಳಕಾಲೆತ್ತರ.

ಚಿಂಚೋಳಿ ಮುಟ್ಟಿದ ಕೂಡಲೇ ಹೋದದ್ದು ವಲಯ ಅರಣ್ಯ ಕಚೇರಿಗೆ. ಕಾಡಿನ ಕಡೆ ಹೋಗಬೇಕೆನ್ನುವವರು ಇದನ್ನು ಗಮನಿಸಬೇಕು: ವನ್ಯಜೀವಿ ಧಾಮ ಯಾರು ಬೇಕಾದರೂ ನುಗ್ಗುವ ಬಯಲಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಳಗೆ ಹೋಗಲು ಅನುಮತಿ ಬೇಕು. ನಾವು ಅರ್ಜಿಯನ್ನು ಮುಂಚೆಯೇ ಕೊಟ್ಟಿದ್ದೆವು. ಯಾವ ದಾರಿಯಲ್ಲಿ ಹೋಗುತ್ತೀರಿ, ಯಾಕೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಹೊರಬರುತ್ತೀರಿ ಎಂದೆಲ್ಲ ಕೇಳಿದರು. ಬೆಳಕು ಹರಿದ ಮೇಲೆ ಒಳಗೆ ಹೋಗಬೇಕು, ಹೊತ್ತು ಮುಳುಗುವ ಮುಂಚೆ ಹೊರಗಿರಬೇಕು, ಇಲಾಖೆಯ ಕಾವಲುಗಾರ, ಅಂದರೆ ವಾಚರ್, ಜೊತೆಯಲ್ಲೇ ಇರಬೇಕು, ಹಾದಿ ಬಿಟ್ಟು ಇಳಿಯಬಾರದು, ಹಾಡು ಹಚ್ಚಬಾರದು, ಬೀಡಿ ಸಿಗರೇಟು ಬೆಂಕಿಪೊಟ್ಟಣ ಹತ್ತಿರ ಇರಬಾರದು. ಒಂದೊಂದು ಷರತ್ತೂ ಸರಿಯಾದದ್ದೇ. ಸೈಕಲ್ಲಿಗೆ ಸಪ್ಪಳವಿಲ್ಲ ನಿಜ, ಹಾಗೆಂದು ಕಾಡಿಗೆ ತೊಂದರೆ ಕೊಡುವುದೇ ಇಲ್ಲ ಅನ್ನುವಂತಿಲ್ಲ. ಸದ್ದಿಲ್ಲದೆ ವೇಗವಾಗಿ ಬರುವ ಸೈಕಲ್ಲು ಎದುರಿಗೆ ಬಂದ ಪ್ರಾಣಿಯನ್ನು ಹೆಚ್ಚು ಬೆಚ್ಚಿಸುತ್ತದೆ. ಆದ್ದರಿಂದ ತಿರುವಿನಲ್ಲಿ ನಿಧಾನಿಸಬೇಕು. ಇದನ್ನು ಆ ಕಚೇರಿಯಲ್ಲಿ ಕುಳಿತೇ ಕಲಿತೆವು.

ಶನಿವಾರ

ಬಸ್‌ಸ್ಟ್ಯಾಂಡ್ ಹತ್ತಿರದ ಖಾನಾವಳಿಯಲ್ಲಿ ಸುಸಲಾ, ಮಿರ್ಚಿ ಭಜಿ ತಿಂದು, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಹೊರಟೆವು. ಕಾಡಿನ ಗೇಟಿನ ಹತ್ತಿರ ವಾಚರ್ ಕಾಕಾ ಕಾದಿದ್ದರು. ಖಾಕಿ ಅಂಗಿ, ತಲೆಗೆ ಟವೆಲ್ಲು, ಕೈಯಲ್ಲಿ ಕರಿ ಸೈಕಲ್ಲು. ನಮ್ಮಿಂದಾಗಿ ಸೈಕಲ್ ತಂದಿರಬೇಕು ಎಂದುಕೊಂಡು ಕೇಳಿದರೆ, ಅವರು ದಿನಾ ಬರುವುದೇ ಅದರ ಮೇಲೆ.

"ಬೈಕ್ ಸಪ್ಪಳ ಕೇಳಿದ್ರ ಗಿಡ ಕಡಿಯೋರಿಗೂ ಗೊತ್ತಾಗ್ತದ, ಪ್ರಾಣಿಗೂ ಗೊತ್ತಾಗ್ತದ್ರಿ ಸರ್. ಇಬ್ಬರೂ ಓಡಿ ಹೋಗ್ತಾರ. ಮತ್ತ ನಾ ಏನ್ ಕಾಯ್ಲಿ?" ಎಂದರು.

ಗೇಟು ದಾಟಿದ ಮೇಲೆ ಟೈರಿನ ಹವಾ ಕಡಿಮೆ ಮಾಡಿದೆ. ಡಾಂಬರಿನ ಮೇಲೆ 50 ಪೌಂಡ್ ಒತ್ತಡ ಇಟ್ಟಿದ್ದೆ. ಒಳಗೆ ಮುಂದಿನದು 32, ಹಿಂದಿನದು 36. ಹವಾ ಗಟ್ಟಿಯಿದ್ದರೆ ಟೈರು ಪ್ರತಿ ಕಲ್ಲಿಗೂ ಪುಟಿಯುತ್ತದೆ, ಕೈ ನಡುಗುತ್ತದೆ, ಹಿಡಿತ ತಪ್ಪುತ್ತದೆ. ಸ್ವಲ್ಪ ಮೆತ್ತಗಿದ್ದರೆ ಕಲ್ಲಿನ ಮೇಲೆ ಒಂದಿಷ್ಟು ತಗ್ಗಿ ಅದನ್ನು ಅಪ್ಪಿಕೊಂಡು ಹೋಗುತ್ತದೆ. ಅಳಿಯನ ಟೈರಿನಲ್ಲಿ ಟ್ಯೂಬ್ ಇತ್ತು. ಟ್ಯೂಬ್ ಇದ್ದವರು ತೀರ ಇಳಿಸುವಂತಿಲ್ಲ, ಚೂಪು ಕಲ್ಲಿಗೆ ರಿಮ್ಮು ಬಡಿದರೆ ನಡುವೆ ಸಿಕ್ಕ ಟ್ಯೂಬು ಸೀಳುತ್ತದೆ.

ಮೊದಲ ಏರಿನಲ್ಲೇ ನೆಲದ ಬಣ್ಣ ಬದಲಾಯಿತು. ಕೆಳಗೆ ಕರಿಮಣ್ಣು, ಮೇಲೆ ಕೆಂಪು. ಡೆಕ್ಕನ್ನಿನ ಕರಿಕಲ್ಲು ಲಕ್ಷಾಂತರ ವರ್ಷ ಮಳೆ ಬಿಸಿಲಿಗೆ ಸಿಕ್ಕು, ಅದರೊಳಗಿನ ಮರಳಿನಂಶವೆಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿದು ಆದ ಕೆಂಪು ಕಲ್ಲು ಇದು. ಕಲ್ಲು ಪುಡಿಯಾದ ಕಡೆ ಮುರುಮ್. ಇಳಿದು ಒಂದು ಹಿಡಿ ಎತ್ತಿಕೊಂಡು ನೋಡಿದೆ. ಬಟಾಣಿಗಿಂತ ಸಣ್ಣ ಉಂಡೆಗಳು, ಹೊರಗೆ ಕಂದು ಹೊಳಪು, ಒಡೆದರೆ ಒಳಗೆ ಅರಿಷಿಣ ಬಣ್ಣ. ಈ ಉಂಡೆಗಳು ಗಟ್ಟಿ ನೆಲದ ಮೇಲೆ ಸಡಿಲವಾಗಿ ಹರಡಿರುವಲ್ಲಿ ಸೈಕಲ್ಲಿನ ಬೇರಿಂಗ್ ಗುಂಡಿನಂತೆ ಗಾಲಿಯ ಕೆಳಗೆ ಉರುಳುತ್ತವೆ. ಅಲ್ಲಿ ಮುಂದಿನ ಬ್ರೇಕು ಗಕ್ಕನೆ ಹಿಡಿದರೆ ಬೀಳುವುದು ಖಚಿತ. ಇಳಿಜಾರು ಶುರುವಾಗುವ ಮುಂಚೆಯೇ ವೇಗ ಇಳಿಸಿಕೊಂಡಿರಬೇಕು, ಮೈಭಾರ ಹಿಂದಕ್ಕೆ ಹಾಕಬೇಕು, ಮೊಣಕೈ ಸಡಿಲ ಬಿಡಬೇಕು, ಕಣ್ಣು ಗಾಲಿಯ ಮೇಲಲ್ಲ, ಹತ್ತಿಪ್ಪತ್ತು ಹೆಜ್ಜೆ ಮುಂದಿರಬೇಕು. ಅಳಿಯ ಒಂದೆರಡು ಇಳಿಜಾರಿನಲ್ಲೇ ಇದನ್ನು ಹಿಡಿದುಬಿಟ್ಟ. ವಯಸ್ಸು.

ವಾಹನಗಳಿಲ್ಲದ ಹಾದಿಯ ಗುಣ ಬರೀ ಮೌನವಷ್ಟೇ ಎಂದುಕೊಂಡಿದ್ದೆ. ಅದು ನೆಲದಲ್ಲೂ ಕಾಣುತ್ತದೆ. ಜೀಪು, ಟಂಟಂ, ಟ್ರ್ಯಾಕ್ಟರ್ ಓಡಾಡುವ ಕಚ್ಚಾ ರಸ್ತೆಯಲ್ಲಿ ಮೇಲ್ಮೈ ಅಡ್ಡಡ್ಡ ಅಲೆಯಾಗಿ ಏಳುತ್ತದೆ. ವೇಗದಲ್ಲಿರುವ ಗಾಲಿ ಒಂದು ಚಿಕ್ಕ ಉಬ್ಬಿನ ಮೇಲೆ ಹಾರಿ, ಆಚೆ ಬಿದ್ದಲ್ಲಿ ಗರಸನ್ನು ಒತ್ತಿ ಮುಂದಕ್ಕೆ ತಳ್ಳುತ್ತದೆ. ಅಲ್ಲಿ ತಗ್ಗು, ಅದರ ಮುಂದೆ ಹೊಸ ಉಬ್ಬು. ಹಿಂದೆ ಬಂದ ಗಾಡಿ ಅದನ್ನೇ ಹೆಚ್ಚಿಸುತ್ತದೆ. ಅಂಥ ರಸ್ತೆಯಲ್ಲಿ ಸೈಕಲ್ ಹೊಡೆದರೆ ಹಲ್ಲು ಕಟಕಟ ಅನ್ನುತ್ತವೆ. ಈ ಕಾಡಿನ ಹಾದಿಯಲ್ಲಿ ಅಲೆ ಎಲ್ಲೂ ಇರಲಿಲ್ಲ. ಇಲ್ಲಿಯ ನೆಲವನ್ನು ತಿದ್ದಿದ್ದು ಮಳೆನೀರು ಮತ್ತು ದನದ ಗೊರಸು. ನೀರು ಹರಿದಲ್ಲಿ ಉದ್ದಕ್ಕೆ ಕೊರಕಲು ಬಿದ್ದಿರುತ್ತದೆ, ಅದರ ಬದಿಯಲ್ಲಿ ಗೊರಸು ತುಳಿದು ಗಟ್ಟಿಯಾದ ಒಂದು ಗೇಣಿನ ಜಾಡು ಇರುತ್ತದೆ. ಗಾಲಿ ಆ ಜಾಡಿನಲ್ಲಿ ಬಿದ್ದರೆ ಸಾಕು, ಡಾಂಬರನ್ನೂ ಮೀರಿಸಿ ಓಡುತ್ತದೆ. ಕಾಕಾ ಕಣ್ಣು ಮುಚ್ಚಿಯೂ ಆ ಜಾಡು ಹಿಡಿಯುತ್ತಾರೆ.

ಅರ್ಧ ಗುಡ್ಡ ಏರಿದ ಮೇಲೆ ಅವರು ಕೈ ಎತ್ತಿದರು. ನಿಂತೆವು. ಹಾದಿಯ ನಡುವೆ ಸುಣ್ಣ ಮೆತ್ತಿದಂತೆ ಬೆಳ್ಳಗಿನ ಹಿಕ್ಕೆಗಳು ಬಿದ್ದಿದ್ದವು.

"ಇದು ಯಾರ್ದು ಹೇಳ್ರಿ ನೋಡೂನು?"

"ನಾಯೀದು ಕಾಕಾ?" ಎಂದ ಅಳಿಯ.

"ನಾಯಿ ಎಲ್ಲಿ ಎಲುವು ಅಷ್ಟ್ ತಿಂತದಪ್ಪ. ಕತ್ತೆಕಿರುಬದ್ದು."

ಕತ್ತೆಕಿರುಬ ಎಲುಬನ್ನು ಅಗಿದು ನುಂಗುತ್ತದೆ, ಅದರ ಸುಣ್ಣವೆಲ್ಲ ಹಿಕ್ಕೆಯಲ್ಲಿ ಹೊರಬಂದು ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಕಡ್ಡಿಯಿಂದ ಒಂದನ್ನು ಒಡೆದು ತೋರಿಸಿದರು. ಒಳಗೂ ಬೆಳ್ಳಗೆ, ಪುಡಿಪುಡಿ, ನಡುವೆ ಕೂದಲಿನ ಎಳೆ. ಹಾದಿಯ ನಡುವೆಯೇ ಹಾಕಿ ಹೋಗುವುದು ಈ ಸೀಮೆ ತನ್ನದೆಂದು ಬೇರೆಯವಕ್ಕೆ ತಿಳಿಸಲು. ತೋಳವೂ ಹೀಗೆಯೇ ಮಾಡುತ್ತದೆಯಂತೆ. ಈ ಧಾಮದಲ್ಲಿ ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ನಾಲ್ಕು ಕೊಂಬಿನ ಹುಲ್ಲೆ ಎಲ್ಲ ಇವೆ. ಹುಲಿ ಆನೆ ಇಲ್ಲದ ಕಾಡನ್ನು ಕಾಡೇ ಅಲ್ಲ ಅನ್ನುವವರಿದ್ದಾರೆ. ತೋಳಕ್ಕೆ ಬೇಕಾದದ್ದು ಇಂಥ ಕುರುಚಲು, ಹುಲ್ಲು, ಬಂಡೆ. ಇದನ್ನು ಬಂಜರು ಎಂದು ಬರೆದಿಟ್ಟು ಸೋಲಾರ್‌ಗೋ ಕಾರ್ಖಾನೆಗೋ ಕೊಡುತ್ತ ಹೋದರೆ ಅದು ಹೋಗುವುದಾದರೂ ಎಲ್ಲಿಗೆ? ನಮಗೆ ಆ ದಿನ ಯಾವ ದೊಡ್ಡ ಪ್ರಾಣಿಯೂ ಕಾಣಲಿಲ್ಲ. ನವಿಲುಗಳು ಕಂಡವು. ಗೌಜುಗದ ಹಿಂಡೊಂದು ಹಾದಿಯ ಮೇಲೆ ಸ್ವಲ್ಪ ದೂರ ಓಡಿ ಪೊದೆ ಸೇರಿತು.

ಮಧ್ಯಾಹ್ನದ ಹೊತ್ತಿಗೆ ಚಂದ್ರಂಪಳ್ಳಿ ಜಲಾಶಯದ ಏರಿಯ ಮೇಲಿದ್ದೆವು. ಸುತ್ತ ಗುಡ್ಡ, ನಡುವೆ ನೀರು. ಸರನಾಲಾ ಹಳ್ಳಕ್ಕೆ ಅಡ್ಡ ಕಟ್ಟಿದ ಒಡ್ಡು ಇದು. ಇಲ್ಲಿಯ ನೀರು ಮುಲ್ಲಾಮಾರಿ ಸೇರಿ, ಮುಲ್ಲಾಮಾರಿ ಕಾಗಿಣಾ ಸೇರಿ, ಕಾಗಿಣಾ ಭೀಮೆಯನ್ನು ಸೇರಿ ಕೃಷ್ಣೆಗೆ ಹೋಗುತ್ತದೆ. ರಾಷ್ಟ್ರಕೂಟರ ಮಳಖೇಡದ ಕೋಟೆಯ ಮಗ್ಗುಲಲ್ಲಿ ಹರಿಯುವ ಕಾಗಿಣಾಗೆ ಈ ಗುಡ್ಡಗಳ ಮಳೆಯೂ ಪಾಲು ಕೊಡುತ್ತದೆ ಎಂದು ಅಳಿಯನಿಗೆ ಹೇಳಿದೆ. ಅವನಿಗೆ ಹಸಿವಾಗಿತ್ತು. ನೆರಳಿಗೆ ಕುಳಿತು ರೊಟ್ಟಿ ಮುರಿದು, ಹಿಂಡಿಗೆ ಕಾಕಾ ತಂದ ಮೊಸರು ಕಲಸಿ ತಿಂದೆವು. ನೀರುಕಾಗೆಗಳು ಒಣ ಮರದ ಮೇಲೆ ರೆಕ್ಕೆ ಹರಡಿ ಕುಳಿತಿದ್ದವು.

ಊಟವಾದ ಮೇಲಿನ ಹಾದಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ನೀರಿನ ಅಂಚು ಬಿಟ್ಟು ಹಾದಿ ಸಾಗವಾನಿ ನೆಡುತೋಪಿನೊಳಗೆ ನುಗ್ಗುತ್ತದೆ. ಒಣಗಿದ ಸಾಗವಾನಿ ಎಲೆ ಗಾಲಿಗೆ ಸಿಕ್ಕು ಪರಪರ ಅನ್ನುತ್ತದೆ. ತೋಪು ಮುಗಿದ ಮೇಲೆ ಹುಲ್ಲುಗಾವಲು, ಆಮೇಲೆ ಕಲ್ಲುಬಂಡೆಯ ಮೇಲೆ ಒಂದು ಸಣ್ಣ ಏರು, ಏರಿನ ತುದಿಯಲ್ಲಿ ಗುಡ್ಡದ ಹಿಂದೆ ಗುಡ್ಡ. ಏರಿನಲ್ಲಿ ಎದ್ದು ನಿಂತು ಪೆಡಲ್ ತುಳಿದರೆ ಹಿಂದಿನ ಗಾಲಿ ಜಾರಿ ಅಲ್ಲೇ ತಿರುಗುತ್ತದೆ. ಸೀಟಿನ ಮೇಲೆಯೇ ಕುಳಿತು, ತುಸು ಮುಂದಕ್ಕೆ ಬಾಗಿ, ಸಣ್ಣ ಗೇರಿನಲ್ಲಿ ಒಂದೇ ಸಮ ತುಳಿಯಬೇಕು. ಹಾಗೆ ತುಳಿಯುತ್ತ ಇದ್ದರೆ ಸ್ವಲ್ಪ ಹೊತ್ತಿಗೆ ಕೇಳುವುದು ಚೈನಿನ ಸದ್ದು, ಗರಸು ಅರೆಯುವ ಸದ್ದು, ನಮ್ಮದೇ ಉಸಿರು. ಹಿಂದಿನಿಂದ ಏನಾದರೂ ಬರುತ್ತಿದೆಯೇ ಎಂದು ಕಿವಿ ಹಿಂದಕ್ಕಿಟ್ಟುಕೊಂಡೇ ಊರಲ್ಲಿ ಸೈಕಲ್ ಹೊಡೆಯುತ್ತೇವೆ. ಆ ಭಯ ಎಷ್ಟು ದೊಡ್ಡ ಭಾರವೆಂಬುದು ಇಲ್ಲಿ, ಅದು ಇಳಿದ ಮೇಲೆ ತಿಳಿಯಿತು.

ವಾಪಸು ಬರುವಾಗ ಅಳಿಯನ ಹಿಂದಿನ ಗಾಲಿ ಪಂಕ್ಚರ್. ಬಳ್ಳಾರಿ ಜಾಲಿಯ ಮುಳ್ಳು ಟೈರಿನಲ್ಲಿ ಬುಡದವರೆಗೆ ಇಳಿದಿತ್ತು. ನನ್ನ ಟೈರಿನಲ್ಲೂ ಅಂಥವೇ ನೆಟ್ಟಿದ್ದವು, ಟ್ಯೂಬಿನ ಬದಲು ಒಳಗೆ ಹಾಕಿದ ಅಂಟು ದ್ರವ ತೂತು ಮುಚ್ಚಿಬಿಟ್ಟಿತ್ತು. ಈ ಸೀಮೆಯಲ್ಲಿ ಜಾಲಿ ಮುಳ್ಳು, ನೆಗ್ಗಿಲ ಮುಳ್ಳು ಎರಡೂ ಧಾರಾಳ. ಟ್ಯೂಬ್ ಇಲ್ಲದ ಟೈರು ಹಾಕಿಸಿ, ಇಲ್ಲವಾದರೆ ಎರಡು ಟ್ಯೂಬು, ಪಂಕ್ಚರ್ ಸಾಮಾನು, ಪಂಪು ಇಟ್ಟುಕೊಳ್ಳಿ. ಒಳಗೆ ಅಂಗಡಿ ಇಲ್ಲ, ಬಹಳ ಕಡೆ ಫೋನ್ ಸಿಗ್ನಲ್ಲೂ ಇಲ್ಲ. ನೀರು ಒಬ್ಬರಿಗೆ ಮೂರು ಲೀಟರ್ ಬೇಕೇ ಬೇಕು.

ರವಿವಾರ

ಇವತ್ತು ಕುಂಚಾವರಂ ಕಡೆ. ಆ ಭಾಗದಲ್ಲಿ ಕನ್ನಡದಷ್ಟೇ ತೆಲುಗು ಕೇಳಿಸುತ್ತದೆ, ತಾಂಡಾಗಳಲ್ಲಿ ಲಂಬಾಣಿ ಮಾತು. ಬೆಳಿಗ್ಗೆ ಮಂಜು ಕವಿದಿತ್ತು. ಕಲಬುರಗಿಯವನಾದ ನನಗೆ ಸ್ವೆಟರ್ ಬೇಕೆನಿಸಿದ್ದು ನೆನಪಿನಲ್ಲಿ ಉಳಿಯುವ ಸಂಗತಿ.

ಕಾಡಿನಂಚಿನ ಒಂದು ತಾಂಡಾದ ಹೊರಗೆ, ಮರದ ಕೆಳಗೆ ಬುಟ್ಟಿ ಇಟ್ಟುಕೊಂಡು ಒಬ್ಬ ಮುದುಕಿ ಸೀತಾಫಲ ಮಾರುತ್ತಿದ್ದಳು. ಕೈತುಂಬ ಬಿಳಿ ಬಳೆ, ಕನ್ನಡಿ ಹೊಲಿದ ರವಿಕೆ. ಅಳಿಯ "ಯಾಡಿ, ಹೆಂಗ್ ಕೊಟ್ಟಿ?" ಎಂದು ಕೇಳಿದ. ತನ್ನ ಮಾತಿನಲ್ಲಿ ಅವ್ವಾ ಅನ್ನಿಸಿಕೊಂಡದ್ದಕ್ಕೆ ಆಕೆಗೆ ಖುಷಿಯಾಗಿ, ದುಡ್ಡು ಕೊಡುವ ಮುಂಚೆಯೇ ಎರಡು ಹಣ್ಣು ಒಡೆದು ಕೈಗಿಟ್ಟಳು. ಕಾಡಿನ ಹಣ್ಣು ಚಿಕ್ಕದು, ಬೀಜ ಹೆಚ್ಚು, ಸಿಹಿ ಮಾತ್ರ ತೋಟದ ಹಣ್ಣಿಗಿಲ್ಲ.

ಎಲ್ಲಿಂದ ಬಂದಿರಿ, ಯಾಕೆ ಬಂದಿರಿ ಎಂದಳು. ಈ ಮಣ್ಣಿನ ಹಾದಿ ಚಲೋ ಇದೆ, ಇದರ ಮೇಲೆ ಸೈಕಲ್ ಹೊಡೆಯಲು ಬಂದಿದ್ದೇವೆ ಎಂದೆ.

"ಚಲೋ ಅದಾ?" ಎಂದಳು. ತಾಂಡಾದಿಂದ ದೊಡ್ಡ ರಸ್ತೆಗೆ ಹೋಗುವ ಕಚ್ಚಾ ದಾರಿಯ ಕಡೆ ಕೈ ಮಾಡಿ ಹೇಳಿದಳು: "ಹೋದ ಮಳಿಗಾಲದಾಗ ನಮ್ ಸೊಸೀಗಿ ಬ್ಯಾನಿ ಸುರು ಆಯ್ತು. ಗಾಡಿ ಇಲ್ಲಿ ತನಕ ಬರ್ಲಿಲ್ಲ, ಕೆಸರಾಗ ನಿಂತ್ ಬಿಡ್ತು. ಹೊರಸಿನ ಮ್ಯಾಲ ಹಾಕ್ಕೊಂಡು ನಾಕ್ ಮಂದಿ ಹೊತ್ತೊಯ್ದ್ರು. ನಿಮ್ಗ ಡಾಂಬರ್ ಬ್ಯಾಡ, ನಮ್ಗ ಬೇಕ್ರಿ ಯಪ್ಪಾ."

ಕೂಸು ಬದುಕಿತೇ ಎಂದು ಅಳಿಯ ಕೇಳಿದ. ಬದುಕಿದೆ, ಗಂಡು, ಈಗ ಅವರಪ್ಪನ ಜೊತೆ ಪುಣೆಯಲ್ಲಿದೆ ಎಂದಳು. ಬೇಸಾಯ ಮುಗಿದ ಮೇಲೆ ಈ ತಾಂಡಾಗಳಿಂದ ಎಷ್ಟೋ ಮನೆಯವರು ಪುಣೆ, ಮುಂಬಯಿ, ಹೈದರಾಬಾದಿಗೆ ದುಡಿಯಲು ಹೋಗುತ್ತಾರೆ.

ಅಲ್ಲಿಂದ ಮುಂದೆ ಎತ್ತಿಪೋತ ಜಲಪಾತದ ದಾರಿ ಹಿಡಿದಾಗ ಇದನ್ನೇ ಯೋಚಿಸುತ್ತಿದ್ದೆ. ಆಕೆಯ ಮಾತಿಗೆ ಎದುರು ಮಾತಿಲ್ಲ. ಜನ ಇರುವ ಕಡೆಗೆ ಮಳೆಗಾಲದಲ್ಲೂ ಗಾಡಿ ಹೋಗುವ ರಸ್ತೆ ಬೇಕು, ಡಾಂಬರಾದರೂ ಸರಿ, ಸಿಮೆಂಟಾದರೂ ಸರಿ. ನಮ್ಮ ಸವಾರಿಯ ಸುಖಕ್ಕಾಗಿ ಅದು ಮಣ್ಣಿನದಾಗಿಯೇ ಇರಲಿ ಎನ್ನುವುದು ಅನ್ಯಾಯ. ಆದರೆ ತಾಂಡಾ ದಾಟಿದ ಮೇಲೆ, ಮನೆಗಳಿಲ್ಲದ ಕಡೆ, ಬೆಂಕಿರೇಖೆ, ಗಸ್ತಿನ ದಾರಿಗಳನ್ನು ಪ್ರವಾಸೋದ್ಯಮದ ಹೆಸರಿನಲ್ಲಿ ಡಾಂಬರು ಮಾಡುವುದನ್ನು ಗಟ್ಟಿಯಾಗಿ ವಿರೋಧಿಸಬೇಕು. ಜಲಪಾತದ ಬುಡದವರೆಗೆ ಕಾರು ಬಂದರೆ ಕಾರಿನ ಹಿಂದೆ ಬಾಟಲಿ, ಪ್ಲಾಸ್ಟಿಕ್ ತಟ್ಟೆ, ಡಿಜೆ ಎಲ್ಲ ಬರುತ್ತವೆ. ವೇಗದ ಗಾಡಿ ಬಂದರೆ ರಾತ್ರಿ ಹಾದಿ ದಾಟುವ ನರಿ, ಮೊಲ, ಹಾವು ಸಾಯುತ್ತವೆ. ಗರಸು ಮಳೆನೀರನ್ನು ಕೆಳಗೆ ಇಳಿಸುತ್ತದೆ, ಡಾಂಬರು ಅದನ್ನು ಬದಿಗೆ ದೂಡಿ ಗುಡ್ಡ ಕೊರೆಯಲು ಬಿಡುತ್ತದೆ. ಎರಡೂ ಬಗೆಯ ದಾರಿಗಳಿಗೆ ಈ ಗುಡ್ಡದಲ್ಲಿ ಜಾಗವಿದೆ. ಯಾವುದು ಎಲ್ಲಿ ಎನ್ನುವುದನ್ನು ತಾಂಡಾದವರನ್ನು ಕೂರಿಸಿಕೊಂಡು ತೀರ್ಮಾನಿಸಬೇಕು. ಮತ್ತು ನಮ್ಮಂಥವರು ಬರುವುದಾದರೆ ಅವರಿಗೂ ನಾಲ್ಕು ಕಾಸು ಸಿಗಬೇಕು. ಕಾಕಾನ ಜೊತೆ ದಾರಿ ತೋರಿಸಲು ತಾಂಡಾದ ಹುಡುಗರು, ಮಧ್ಯಾಹ್ನದ ಊಟಕ್ಕೆ ತಾಂಡಾದ ರೊಟ್ಟಿ. ದೊಡ್ಡ ಯೋಜನೆಯೇನೂ ಬೇಕಿಲ್ಲ.

ಎತ್ತಿಪೋತದಲ್ಲಿ ನೀರು ಇಳಿದಿತ್ತು, ಬಂಡೆಗೆ ಅಂಟಿಕೊಂಡು ಸಣ್ಣ ಧಾರೆ. ಮಳೆಗಾಲದಲ್ಲಿ ಬಂದರೆ ಇದರ ಅಬ್ಬರವೇ ಬೇರೆ ಎಂದರು ಕಾಕಾ. ಮಳೆಗಾಲದಲ್ಲಿ ಸೈಕಲ್ಲು ಬರುವುದಿಲ್ಲ, ಕೆಳಗಿನ ಕರಿಮಣ್ಣು ಗಾಲಿಗೂ ಚೌಕಟ್ಟಿಗೂ ನಡುವೆ ಮೆತ್ತಿಕೊಂಡು ಗಾಲಿಯೇ ತಿರುಗದಂತೆ ಮಾಡುತ್ತದೆ. ಫೆಬ್ರವರಿ ದಾಟಿದರೆ ಬಿಸಿಲು, ಜೊತೆಗೆ ಕಾಡಿಗೆ ಬೆಂಕಿಯ ಕಾಲ, ಆಗ ಯಾರೂ ಒಳಗೆ ಹೋಗದಿರುವುದೇ ಒಳ್ಳೆಯದು. ದೀಪಾವಳಿಯಿಂದ ಸಂಕ್ರಾಂತಿವರೆಗೆ ಈ ಹಾದಿಗಳ ಸುಗ್ಗಿ.

ಗೇಟಿನ ಹತ್ತಿರ ಕಾಕಾನಿಗೆ ಕೈಮುಗಿದು ಬೀಳ್ಕೊಂಡೆವು. ಅಳಿಯ ತನ್ನ ಪಂಕ್ಚರ್ ಸಾಮಾನಿನ ಡಬ್ಬಿಯನ್ನು ಅವರಿಗೆ ಕೊಟ್ಟ. ಸಂಜೆ ಮತ್ತೆ ಟಾಟಾ ಏಸ್, ಮನ್ನಾಎಖೇಳಿ ಮೇಲೆ ಹಾದು ರಾತ್ರಿ ಬೀದರ್.

ಸೋಮವಾರ

ಬೀದರಿನದು ಕೆಂಪು ಕಲ್ಲಿನದೇ ಪೀಠಭೂಮಿ. ಚಿಂಚೋಳಿ ಗುಡ್ಡದ ನೆತ್ತಿಯ ಮೇಲೆ ಕಂಡ ಕಲ್ಲು ಇಲ್ಲಿ ಊರಿಗೇ ಹಾಸಿದೆ. ಕೋಟೆಯ ಮೂರು ಸುತ್ತಿನ ಕಂದಕವನ್ನು ಇದರಲ್ಲೇ ಕೊರೆದಿದ್ದಾರೆ. ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ ಇದು. ತೂತುತೂತಾಗಿರುವುದರಿಂದ ಮಳೆನೀರನ್ನು ಹೀರಿ ಕೆಳಗೆ ಬಿಡುತ್ತದೆ, ಅಡಿಯಲ್ಲಿ ನೀರು ಬಿಡದ ಪದರ ಸಿಕ್ಕಲ್ಲಿ ಆ ನೀರು ಬದಿಗೆ ಹರಿದು ಜೀರಾ, ಅಂದರೆ ಬುಗ್ಗೆ, ಆಗಿ ಹೊರಗೆ ಬರುತ್ತದೆ. ಗುರುನಾನಕ್ ಜೀರಾ, ನರಸಿಂಹ ಜೀರಾ ಎಲ್ಲ ಹೀಗೆ ಬಂದ ನೀರು. ಬಹಮನಿಯರ ಕಾಲದ ನೌಬಾದ್ ಕರೇಜ್ ಕೂಡ ಇದೇ ನೀರನ್ನು ಸುರಂಗದಲ್ಲಿ ಹಿಡಿದು ಊರಿಗೆ ತಂದದ್ದು. ಬೆಳಿಗ್ಗೆ ಅದರ ಗಾಳಿಬಾವಿಗಳ ಸಾಲಿನ ಪಕ್ಕ ಸೈಕಲ್ ನಿಲ್ಲಿಸಿ ಬಗ್ಗಿ ನೋಡಿದೆವು. ತಂಪು ಗಾಳಿ ಮುಖಕ್ಕೆ ಬಂತು.

ಅಲ್ಲಿಂದ ಹೊನ್ನಿಕೇರಿ ಕಾಡಿಗೆ. ಇಲ್ಲಿಯೂ ಅರಣ್ಯ ಇಲಾಖೆಯವರನ್ನು ಕೇಳಿಯೇ ಒಳಗೆ ಹೋದೆವು. ಚಿಂಚೋಳಿಯಷ್ಟು ದೊಡ್ಡದಲ್ಲ, ಏರುಗಳೂ ಚಿಕ್ಕವು, ಆದರೆ ಹಾದಿ ಬಹಳ ಚೊಕ್ಕ. ಕೆಂಪು ಮುರುಮ್ ಮಳೆಗೆ ಕೂತು ಗಟ್ಟಿಯಾಗಿದೆ, ಎರಡು ಬದಿಗೂ ಗಿಡ. ಹೊಸದಾಗಿ ಗರಸಿನ ಮೇಲೆ ಸೈಕಲ್ ಕಲಿಯುವವರು, ಮಕ್ಕಳನ್ನು ಕರೆದುಕೊಂಡು ಹೋಗುವವರು ಚಿಂಚೋಳಿಗೆ ಮುಂಚೆ ಇಲ್ಲಿಗೇ ಬರಬೇಕು. ಬೀದರ್ ಊರಿನ ಒಂದು ಗುಂಪು ಎದುರಿಗೆ ಸಿಕ್ಕಿತು. ಸೀರೆಯ ಮೇಲೆ ಸ್ಪೋರ್ಟ್ಸ್ ಬೂಟು ಹಾಕಿಕೊಂಡು ನಡೆಯಲು ಬಂದ ಹೆಂಗಸರು. "ನಮ್ಮ ದಾರಿ ಕೆಡಿಸಬ್ಯಾಡ್ರಿ ಮತ್ತ" ಎಂದು ಒಬ್ಬರು ಕೂಗಿ ಹೇಳಿದರು. ಸೈಕಲ್ ಇಳಿದು ಅವರಿಗೆ ದಾರಿ ಬಿಟ್ಟೆವು. ನಡೆಯುವವರಿಗೆ ಮೊದಲ ಹಕ್ಕು, ಆಮೇಲೆ ಗಾಲಿಗೆ.

ಮಧ್ಯಾಹ್ನ ಸೈಕಲ್ಲುಗಳಿಗೆ ಲಗೇಜು ಚೀಟಿ ಮಾಡಿಸಿ ಕಲಬುರಗಿ ರೈಲು ಹತ್ತಿದೆವು. ಈ ಮಾರ್ಗ 2017ರ ಅಕ್ಟೋಬರಿನಲ್ಲಿ ಶುರುವಾದದ್ದು. ಅದಕ್ಕೂ ಮುಂಚೆ ಇಂಥ ತಿರುಗಾಟ ಯೋಚಿಸುವುದೂ ಕಷ್ಟವಿತ್ತು. ಹುಮನಾಬಾದ್ ದಾಟಿ ಮರಗುತ್ತಿ ಸುರಂಗ ಬರುವವರೆಗೂ ಅಳಿಯ ಫೋನಿನಲ್ಲಿ ನಕ್ಷೆ ಹಿಗ್ಗಿಸಿ ನೋಡುತ್ತಲೇ ಇದ್ದ. ಚಿಂಚೋಳಿಯ ಗುಡ್ಡದಿಂದ ಬೀದರಿನವರೆಗೆ ಡಾಂಬರು ಮುಟ್ಟದೆ ಬರಬಹುದೇ ಎಂಬುದು ಅವನ ಲೆಕ್ಕ. ಹೊಲಗಳ ನಡುವಿನ ಬಂಡಿದಾರಿಗಳು ಊರಿಂದೂರಿಗೆ ಕೂಡುತ್ತವೆ, ಬಹುಪಾಲು ಬರಬಹುದು. ತೊಡಕು ಇರುವುದು ಮನ್ನಾಎಖೇಳಿ ಹತ್ತಿರ, ಅಲ್ಲಿ 65ನೇ ರಾಷ್ಟ್ರೀಯ ಹೆದ್ದಾರಿಯನ್ನು ದಾಟಲೇಬೇಕು. ಪುಣೆ ಹೈದರಾಬಾದ್ ಲಾರಿಗಳೆಲ್ಲ ಅದರ ಮೇಲೆ. ಹೆದ್ದಾರಿಯ ಕೆಳಗೆ ಹಳ್ಳಕ್ಕೆ ಬಿಟ್ಟ ಮೋರಿಗಳಿದ್ದರೆ ಅದರೊಳಗಿನಿಂದ ಸೈಕಲ್ ತಳ್ಳಿಕೊಂಡು ಆಚೆ ಹೋಗಬಹುದು, ಹೋಗಿ ನೋಡಬೇಕು ಎಂದೆ.

"ಎಳ್ಳಮಾವಾಸ್ಯಿ ದಿನ ಹೋಗೂನು ಮಾಮಾ," ಎಂದ. "ಎಲ್ಲಾರೂ ಹೊಲ್ದಾಗೇ ಇರ್ತಾರ. ದಾರಿ ಕೇಳಾಕೂ ಮಂದಿ ಸಿಗ್ತಾರ, ಬುತ್ತಿ ಒಯ್ಯೋದೂ ಬ್ಯಾಡ."